ದೀಪದ ಪೊರೆ

(ಬಿ. ಎ. ಅಂತಿಮ ವರ್ಷ)

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಕನ್ನಡದ ಗುರುಗಳು ಅಪ್ಪಣೆ ಮಾಡಿದ ದಿನವೇ ನನ್ನ ಗೆಳತಿಯರು ಒಳ್ಳೊಳ್ಳೆಯ ವಿಷಯಗಳನ್ನೆಲ್ಲ ತಮ್ಮತಮ್ಮಲ್ಲಿ ಹಂಚಿಕೊಂಡುಬಿಟ್ಟರು. ಒಬ್ಬಳು ಕಾಳಿ ನದಿಯನ್ನು ತೆಗೆದುಕೊಂಡಳು. ಇನ್ನೊಬ್ಬಳು ದಾಂಡೇಲಿಯ ಮಂಗಟ್ಟೆ ಹಕ್ಕಿಯನ್ನು ಹಿಡಿದಳು. ಮೂರನೆಯವಳು ಮುಂಡಗೋಡದ ಟಿಬೇಟಿಯನ್ನರ ಬೀಡಿಗೆ ಹೋಗಿ ಬಂದವಳು. ಅವಳಿಗೆ ಅದೇ ಸಾಕಾಯಿತು. ಬೆಳದಿಂಗಳು, ಮೊದಲ ಮಳೆ, ಪರೀಕ್ಷೆಯ ಹಿಂದಿನ ರಾತ್ರಿ ಮುಂತಾದವು ಪ್ರತಿ ವರ್ಷದ ವಾಡಿಕೆಯಂತೆ ಯಾರ ಯಾರದೋ ಪಾಲಾದವು. ಕೊನೆಗೆ ನನ್ನ ಪಾಲಿಗೆ ಉಳಿದದ್ದು ನಮ್ಮ ಮನೆಯ ಹಳೆಯ ಕಾರಿನ ಎರಡು ಮಬ್ಬು ದೀಪಗಳು. ಇಂಥ ವಿಷಯವನ್ನು ಸಾಹಿತ್ಯವೆಂದು ಒಪ್ಪುತ್ತಾರೋ ಇಲ್ಲವೋ ನಾನರಿಯೆ. ಆದರೆ ಈ ವರ್ಷ ನಾನು ಕಲಿತದ್ದರಲ್ಲಿ ಮರೆಯಲಾರದಂಥ ಪಾಠವೆಂದರೆ ಅದೊಂದೇ. ಆದುದರಿಂದ ವಾಚಕರು ಕ್ಷಮಿಸಬೇಕು.

ನಮ್ಮದು ಹಳಿಯಾಳ. ನಮ್ಮ ಅಪ್ಪ ಪ್ರಾಯದಲ್ಲಿ ಲಾರಿ ಓಡಿಸುತ್ತಿದ್ದವನು. ೧೯೫೫ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಗೆ ಬಿದಿರು ಹೇರಿಕೊಂಡು ಕಾಡಿನ ದಾರಿಗಳಲ್ಲಿ ಹಗಲೂ ಇರುಳೂ ತಿರುಗಿದವನು. ‘ಈ ಕಡೆಯ ರಸ್ತೆಗಳು ನನಗೆ ಅಂಗೈ ಗೆರೆ ಇದ್ದಾಂಗ’ ಎಂದು ಅವನು ಹೇಳಿದರೆ ಅದು ಬಡಾಯಿಯಲ್ಲ. ಮುಂದೆ ಲಾರಿ ಬಿಟ್ಟು, ಯಾರೋ ಹತ್ತು ವರ್ಷ ಓಡಿಸಿ ಬಿಟ್ಟ ಒಂದು ಬಿಳಿಯ ಕಾರನ್ನು ಕೊಂಡು ಬಾಡಿಗೆಗೆ ಹೊಡೆಯತೊಡಗಿದ. ಧಾರವಾಡದ ಆಸ್ಪತ್ರೆಗೆ ಹೋಗುವ ರೋಗಿಗಳು, ದಾಂಡೇಲಿಯ ಕಾಡು ನೋಡಬಂದ ಪ್ರವಾಸಿಗಳು, ಮುಂಡಗೋಡದ ಮಠಗಳಿಗೆ ಹೋಗುವ ಕೆಂಪು ವಸ್ತ್ರದ ಲಾಮಾಗಳು, ಜೋಯಿಡಾದ ಕಡೆಯ ಮದುವೆಯ ದಿಬ್ಬಣದವರು: ಹೀಗೆ ನಾಲ್ಕು ತಾಲ್ಲೂಕಿನ ಸುಖದುಃಖಗಳೆಲ್ಲ ಆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಹೋಗಿವೆ. ನನ್ನ ಕಾಲೇಜಿನ ಶುಲ್ಕವೂ ಅದೇ ಕಾರಿನಲ್ಲಿ ಕುಳಿತು ಬಂದದ್ದು.

ಕಳೆದ ಛಟ್ಟಿ ಅಮಾವಾಸ್ಯೆಯ ರಾತ್ರಿ ನಾವಿಬ್ಬರೂ ದಾಂಡೇಲಿಯಿಂದ ಹಿಂದಿರುಗುತ್ತಿದ್ದೆವು. ಸೋದರತ್ತೆಯ ಮನೆಯಲ್ಲಿ ಊಟ ಮುಗಿಸಿ ಹೊರಡುವಾಗ ಒಂಬತ್ತು ದಾಟಿತ್ತು. ಕಾಡು ಮುಗಿದು ಗದ್ದೆಯ ಬಯಲು ಹತ್ತಿತು. ಕಬ್ಬು ಕಡಿಯುವ ಕಾಲ. ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಸಾಲು ಇರುಳೆಲ್ಲ ಕಡಿಯುವುದಿಲ್ಲ. ನಾನು ಅತ್ತೆ ಕೊಟ್ಟ ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದೆ. ಒಮ್ಮೆಲೇ ಗಾಲಿಗಳು ಕಿರುಚಿದವು. ಡಬ್ಬಿ ಹಾರಿ ಕಾಲ ಬಳಿ ಬಿತ್ತು. ಕಣ್ಣು ತೆರೆದು ನೋಡುತ್ತೇನೆ: ಮುಂದಿನ ಗಾಜಿಗೆ ಕಬ್ಬಿನ ಸೋಗೆ ತಾಗಿ ಅಲುಗಾಡುತ್ತಿದೆ! ಎರಡು ಡಬ್ಬಿಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ರಸ್ತೆಯ ಮೇಲೆಯೇ ನಿಂತಿತ್ತು. ಇನ್ನೊಂದು ಮೊಳ ಮುಂದೆ ಹೋಗಿದ್ದರೆ ಈ ಪ್ರಬಂಧವನ್ನು ಬರೆಯುವವರು ಯಾರೂ ಇರುತ್ತಿರಲಿಲ್ಲ.

ಅಪ್ಪ ಬಹಳ ಹೊತ್ತು ಚಕ್ರ ಹಿಡಿದುಕೊಂಡು ಸುಮ್ಮನೆ ಕುಳಿತ. ಟ್ರ್ಯಾಕ್ಟರಿನವನನ್ನು ಬಯ್ಯಲೂ ಇಲ್ಲ. ಕೊನೆಗೆ ಮೆಲ್ಲಗೆ, “ಲೈಟ ಸಾಕಾಗವಲ್ದವ್ವಾ” ಎಂದ. ಮನೆ ಮುಟ್ಟುವ ತನಕ ಇಬ್ಬರೂ ಮತ್ತೆ ಮಾತನಾಡಲಿಲ್ಲ. ಅವ್ವನಿಗೆ ಹೇಳಬಾರದೆಂದು ನಾವು ಒಪ್ಪಂದ ಮಾಡಿಕೊಂಡಿರಲಿಲ್ಲ. ಆದರೂ ಇಬ್ಬರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕಾರಿನ ಎದುರು ಕುಳಿತು ಅದರ ದೀಪಗಳನ್ನು ಮೊದಲ ಸಲ ಕಣ್ಣಿಟ್ಟು ನೋಡಿದೆ. ಎಷ್ಟು ವರ್ಷಗಳಿಂದ ದಿನವೂ ನೋಡುತ್ತಿದ್ದೆ! ಆದರೆ ದಿನವೂ ನೋಡುವುದನ್ನು ನಾವು ನೋಡುವುದೇ ಇಲ್ಲ. ಎರಡೂ ಕಾಮಾಲೆ ಹಿಡಿದವರ ಕಣ್ಣಿನಂತೆ ಹಳದಿಯಾಗಿದ್ದವು. ಮೇಲ್ಭಾಗದಲ್ಲಿ ಕೆನೆ ಕಟ್ಟಿದಂತೆ ಬಿಳಿಯ ಪೊರೆ. ಒಳಗಿನ ಬಲ್ಬು ಕಾಣುವುದೇ ಕಷ್ಟ. ಇಂಥದರ ಮೂಲಕ ಬೆಳಕು ಹೊರಗೆ ಬರಬೇಕಾದರೆ ಪಾಪ, ಅದೂ ತಡಕಾಡಿಕೊಂಡೇ ಬರಬೇಕು.

ಗ್ಯಾರೇಜಿನ ಮಿಸ್ತ್ರಿಯನ್ನು ಕೇಳಿದೆ. ಹೊಸ ಜೋಡಿ ಹಾಕಲು ಏಳು ಸಾವಿರವಾಗುತ್ತದೆಂದ. ಏಳು ಸಾವಿರವೆಂದರೆ ನಮ್ಮ ಮನೆಯಲ್ಲಿ ಒಂದು ತಿಂಗಳ ದಿನಸಿ ಮತ್ತು ಆಯಿಯ ಔಷಧ. ನಾನು ಮಾತಿಲ್ಲದೆ ಹಿಂದಿರುಗಿದೆ.

ಆಗ ನೆರೆಮನೆಯ ಹುಡುಗನೊಬ್ಬ ಹಲ್ಲು ತಿಕ್ಕುವ ಪೇಸ್ಟು ಹಚ್ಚಿ ಉಜ್ಜಿದರೆ ಕನ್ನಡಿಯಂತಾಗುತ್ತದೆಂದು ಉಪದೇಶ ಮಾಡಿದ. ಉಪದೇಶಕ್ಕೆ ಖರ್ಚಿಲ್ಲ; ಖರ್ಚಾದದ್ದು ನಮ್ಮ ಮನೆಯ ಪೇಸ್ಟು. ಇಡೀ ನಳಿಗೆಯನ್ನು ಹಿಂಡಿ ಒಂದು ತಾಸು ತಿಕ್ಕಿದೆ. ನಿಜಕ್ಕೂ ಹೊಳೆಯಿತು! ನನ್ನ ಹಿಗ್ಗು ಹೇಳತೀರದು. ಮರುದಿನ ಮನೆಯವರೆಲ್ಲ ಉಪ್ಪಿನಿಂದ ಹಲ್ಲು ತಿಕ್ಕಿದರು, ಯಾರೂ ದೂರಲಿಲ್ಲ. ಆದರೆ ಹದಿನೈದು ದಿನ ಕಳೆಯುವುದರೊಳಗೆ ದೀಪಗಳು ಮತ್ತೆ ತಮ್ಮ ಪೂರ್ವಸ್ಥಿತಿಗೆ ಮರಳಿದವು. ಪೇಸ್ಟಿನಲ್ಲಿರುವ ನುಣುಪಾದ ಪುಡಿ ಮೇಲಿನ ಕೊಳೆಯನ್ನಷ್ಟೇ ತೆಗೆಯುತ್ತದೆ. ರೋಗ ಅದಕ್ಕಿಂತ ಆಳದಲ್ಲಿದೆ ಎಂಬುದು ನನಗೆ ಆಗ ತಿಳಿಯದು.

ಕಲಾ ವಿಭಾಗದ ವಿದ್ಯಾರ್ಥಿನಿಯಾದ ನಾನು ವಿಜ್ಞಾನಕ್ಕೆ ಶರಣು ಹೋದದ್ದು ಈ ಸೋಲಿನ ಮೇಲೆಯೇ. ಓದಿ ತಿಳಿದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಈ ದೀಪದ ಮುಚ್ಚಳವನ್ನು ಎಲ್ಲರೂ ‘ಗ್ಲಾಸು’ ಎನ್ನುತ್ತಾರೆ. ಆದರೆ ಅದರಲ್ಲಿ ಗಾಜು ಗುಲಗಂಜಿಯಷ್ಟೂ ಇಲ್ಲ. ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ೧೯೫೩ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್ ಎಂಬವರೂ ಅಮೆರಿಕದ ಡೇನಿಯಲ್ ಫಾಕ್ಸ್ ಎಂಬವರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದಂತೆ ಒಂದೇ ವರ್ಷ ಅದನ್ನು ಕಂಡುಹಿಡಿದರು. ಹಿಂದಿನ ಕಾರುಗಳ ದೀಪಗಳಿಗೆ ನಿಜವಾದ ಗಾಜೇ ಇತ್ತು. ೨೦೧೪ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಿಡರಿನ ದುಂಡು ದೀಪಗಳನ್ನು ನೆನೆಸಿಕೊಳ್ಳಿರಿ. ಅವು ಮುದುಕಾದರೂ ಹಳದಿಯಾಗುತ್ತಿರಲಿಲ್ಲ. ಆದರೆ ಗಾಜು ಭಾರ. ಕಲ್ಲು ಸಿಡಿದರೆ ಒಡೆಯುತ್ತದೆ. ಬೇಕಾದ ಆಕಾರಕ್ಕೆ ಬಗ್ಗುವುದಿಲ್ಲ. ಅಮೆರಿಕದಲ್ಲಿ ಮುಚ್ಚಿದ ಗಾಜಿನ ದೀಪವೇ ಇರತಕ್ಕದ್ದೆಂಬ ನಿಯಮವನ್ನು ೧೯೮೩ರಲ್ಲಿ ಸಡಿಲಿಸಿದ ಮೇಲೆ ಅಲ್ಲಿಯೂ ಪ್ಲಾಸ್ಟಿಕ್ಕಿಗೆ ದಾರಿ ತೆರೆಯಿತು. ಈಗ ಅದೇ ಲೋಕವನ್ನು ಆಳುತ್ತಿದೆ.

ಪ್ಲಾಸ್ಟಿಕ್ಕಿಗೆ ಕಲ್ಲಿನ ಭಯವಿಲ್ಲ, ಬಿಸಿಲಿನ ಭಯವುಂಟು. ಸೂರ್ಯಕಿರಣದಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ಅದರ ಕಣಗಳ ಬಂಧವನ್ನು ಮುರಿದು ಹಳದಿಯಾಗಿಸುತ್ತವೆ. ಅದಕ್ಕಾಗಿ ಕಾರ್ಖಾನೆಯಲ್ಲಿ ಅದರ ಮೇಲೆ ಒಂದು ತೆಳುವಾದ ರಕ್ಷಣೆಯ ಲೇಪ ಹಚ್ಚಿರುತ್ತಾರೆ. ಬಿಸಿಲು, ಧೂಳು, ಮಳೆಗಳಿಗೆ ಆ ಲೇಪ ಸವೆದು ಬಿರುಕುಬಿಟ್ಟ ಮೇಲೆ ಮಬ್ಬು ಕವಿಯತೊಡಗುತ್ತದೆ. ಹೊಳೆಯುವ ಬಿಸಿಲಿನಲ್ಲಿ ಬಾಡಿಗೆ ಕಾದು ನಿಲ್ಲುವ ಕಾರಿಗೆ ಈ ರೋಗ ಬೇಗ ಬರುವುದು ಸಹಜ. ಅಮೆರಿಕದ ಮೋಟಾರು ಸಂಘವು ೨೦೧೮ರಲ್ಲಿ ಇಂಥ ಹಳೆಯ ದೀಪಗಳನ್ನು ಪರೀಕ್ಷಿಸಿ, ಹೊಸ ದೀಪದ ಬೆಳಕಿನಲ್ಲಿ ಶೇಕಡ ೨೨ರಷ್ಟನ್ನು ಮಾತ್ರ ಅವು ಕೊಡುತ್ತವೆಂದೂ ಉಜ್ಜಿ ಸರಿಪಡಿಸಿದರೆ ಸುಮಾರು ೭೦ರಷ್ಟು ಮರಳಿ ಬರುತ್ತದೆಂದೂ ಹೇಳಿತು. ಓದಿದಾಗ ನನ್ನ ಮೈ ಜುಮ್ಮೆಂದಿತು. ರೂಪಾಯಿಗೆ ನಾಲ್ಕಾಣೆಗೂ ಕಡಿಮೆ ಬೆಳಕಿನಲ್ಲಿ ಅಪ್ಪ ನಮ್ಮನ್ನೆಲ್ಲ ಕಾಡಿನಲ್ಲಿ ತಿರುಗಿಸಿದ್ದನೇ! ಅಷ್ಟೇ ಅಲ್ಲ, ಉಳಿದ ಬೆಳಕು ಪೊರೆಯಲ್ಲಿ ಚೆದರಿ ಎದುರಿನವರ ಕಣ್ಣು ಕುಕ್ಕುತ್ತದೆ. ತನಗೂ ಇಲ್ಲ, ಪರರಿಗೂ ಇಲ್ಲ.

ಒಂದು ರವಿವಾರ ಶುಭಮುಹೂರ್ತವೆಂದು ನಿಶ್ಚಯಿಸಿದೆ. ಮೊದಲು ಒಂದು ಪರೀಕ್ಷೆ. ದೀಪದ ಮೇಲೆ ತಂಬಿಗೆಯಿಂದ ನೀರು ಸುರಿದೆ. ನೀರಿದ್ದಷ್ಟು ಹೊತ್ತು ಮಬ್ಬು ಕಡಿಮೆಯಾಗಿ ಒಳಗಿನ ಬಲ್ಬು ಕಂಡಿತು; ಆರಿದ ಮೇಲೆ ಮತ್ತೆ ಮರೆಯಾಯಿತು. ಇದರ ಅರ್ಥವೇನೆಂದರೆ ದೋಷ ಹೊರಮೈಯಲ್ಲಿದೆ, ಉಜ್ಜಿ ತೆಗೆಯಬಹುದು. ನೀರಿಗೂ ಬಗ್ಗದಿದ್ದರೆ ದೋಷ ಒಳಗಿದೆಯೆಂದು ತಿಳಿದು ಕೈಬಿಡತಕ್ಕದ್ದು.

ಬಣ್ಣದಂಗಡಿಯಲ್ಲಿ ‘ವಾಟರ್ ಪೇಪರು’ ಎಂದು ಕೇಳಿದರೆ ನೀರಿನಲ್ಲಿ ನೆನೆಸಿ ಉಜ್ಜುವ ಕಪ್ಪು ಕಾಗದ ಕೊಡುತ್ತಾರೆ. ಅದರ ಬೆನ್ನ ಮೇಲೆ ನಂಬರು ಇರುತ್ತದೆ. ನಂಬರು ಹೆಚ್ಚಿದಷ್ಟೂ ಕಾಗದ ನುಣುಪು. ನಾನು ೮೦೦, ೧೦೦೦, ೧೫೦೦, ೨೦೦೦, ೩೦೦೦ ಹೀಗೆ ಐದು ಬಗೆ ತಂದೆ. ಅಂಗಡಿಯವನು, “ಯಾರಿಗ್ರಿ ಅಕ್ಕಾರ, ಪೇಂಟರಗೇನ್ರಿ?” ಎಂದ. “ನನಗs” ಎಂದೆ. ಅವನು ನಕ್ಕ, ನಗಲಿ ಎಂದು ಬಿಟ್ಟೆ.

ಕಾರನ್ನು ನೆರಳಿಗೆ ನಿಲ್ಲಿಸಿ, ದೀಪಗಳನ್ನು ಸಾಬೂನು ನೀರಿನಿಂದ ತೊಳೆದು, ಸುತ್ತಲಿನ ಬಣ್ಣ ಗೀರಾಗದಂತೆ ಟೇಪು ಅಂಟಿಸಿದೆ. ೮೦೦ರ ಕಾಗದವನ್ನು ನೀರಲ್ಲದ್ದಿ ಒಂದೇ ದಿಕ್ಕಿನಲ್ಲಿ ಉಜ್ಜತೊಡಗಿದೆ. ಹಳದಿ ಹಾಲಿನಂಥ ನೀರು ಇಳಿಯಿತು. ರೋಗ ಇಳಿದುಹೋಗುತ್ತಿದೆ ಎಂದು ನನಗೆ ಉತ್ಸಾಹ. ಆದರೆ ಒರೆಸಿ ನೋಡಿದರೆ ಎದೆ ಧಸಕ್ಕೆಂದಿತು. ದೀಪ ಮೊದಲಿಗಿಂತಲೂ ಕುರುಡಾಗಿದೆ! ಪೂರ್ತಿ ಬಿಳುಪು, ಬಚ್ಚಲ ಕಿಟಕಿಯ ಗಾಜಿನಂತೆ. ಅಷ್ಟರಲ್ಲಿ ಅವ್ವ ಹೊರಗೆ ಬಂದಳು. “ಅಯ್ಯ ನನ್ನ ಶಿವನ! ಏನ್ ಮಾಡಿಟ್ಟೀಯೇ? ಇದ್ದದ್ದೂ ಹೋತಲ್ಲ!” ಎಂದು ಹಣೆ ಬಡಿದುಕೊಂಡಳು. ಜಗಲಿಯ ಮೇಲೆ ಕುಳಿತಿದ್ದ ಆಯಿ ಮಾತ್ರ, “ಪಾತ್ರೆ ತಿಕ್ಕೂವಾಗ ನಡುವ ನೋಡಬಾರದು, ಕಡೀಕ ನೋಡಬೇಕು” ಎಂದಳು. ಈ ಮಾತನ್ನು ನಮ್ಮ ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸಬಹುದೆಂದು ನನ್ನ ನಮ್ರ ಅಭಿಪ್ರಾಯ.

ಈ ಕೆಲಸದ ಮರ್ಮ ಇರುವುದೇ ಇಲ್ಲಿ. ಒರಟು ಕಾಗದವು ಹಾಳಾದ ಪದರನ್ನು ತೆಗೆದು ತನ್ನ ಗೀರುಗಳನ್ನು ಬಿಟ್ಟು ಹೋಗುತ್ತದೆ. ೧೦೦೦ರ ಕಾಗದವು ಆ ಗೀರುಗಳನ್ನು ಅಳಿಸಿ ತನ್ನ ಸಣ್ಣ ಗೀರುಗಳನ್ನು ಬಿಡುತ್ತದೆ. ೧೫೦೦ರದು ಅದನ್ನು ಅಳಿಸುತ್ತದೆ. ಹೀಗೆ ಕೊನೆಯ ಗೀರುಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗುವವರೆಗೆ ಮುಂದುವರಿಯಬೇಕು. ಒಮ್ಮೆ ಅಡ್ಡ ಉಜ್ಜಿದರೆ ಮುಂದಿನ ಕಾಗದದಿಂದ ಉದ್ದ ಉಜ್ಜಬೇಕು. ಆಗ ಹಿಂದಿನ ಗೀರು ಉಳಿದಿದ್ದರೆ ಗೊತ್ತಾಗುತ್ತದೆ. ಅವಸರಪಟ್ಟು ನಡುವಿನ ಒಂದು ಮೆಟ್ಟಿಲನ್ನು ಹಾರಿದರೆ ಅದರ ಗುರುತು ಕೊನೆಯ ತನಕ ಕಾಡುತ್ತದೆ. ನಾನು ಹಾರಲಿಲ್ಲ. ಆದರೆ ಬಲಗಡೆಯ ದೀಪದ ಹೊತ್ತಿಗೆ ತೋಳು ಸೋತು, ಮೂಲೆಯೊಂದರಲ್ಲಿ ಸ್ವಲ್ಪ ಕಳ್ಳಾಟ ಮಾಡಿದೆ. ಇದನ್ನು ಇಲ್ಲಿ ಒಪ್ಪಿಕೊಳ್ಳುವ ಕಾರಣ ಮುಂದೆ ತಿಳಿಯುವುದು.

ಆಮೇಲೆ ಮೆತ್ತನೆಯ ಅರಿವೆಯಲ್ಲಿ ಪಾಲಿಶ್ ಮಾಡುವ ಕಾಂಪೌಂಡನ್ನು ಹಚ್ಚಿ ದುಂಡಗೆ ತಿಕ್ಕಿದೆ. ಮಂಜು ಸರಿದು ಬೆಟ್ಟ ಕಾಣುವಂತೆ ಒಳಗಿನ ಬಲ್ಬು, ಬೆಳ್ಳಿಯ ಬಟ್ಟಲು ಒಂದೊಂದಾಗಿ ಕಾಣಿಸಿಕೊಂಡವು. ಕೊನೆಯಲ್ಲಿ ಸ್ಪಿರಿಟಿನಿಂದ ಜಿಡ್ಡು ಒರೆಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ನೇರಳಾತೀತ ಕಿರಣ ತಡೆಯುವ ಪಾರದರ್ಶಕ ಲೇಪವನ್ನು ತೆಳ್ಳಗೆ ಮೂರು ಸಲ ಸಿಂಪಡಿಸಿದೆ. ಈ ಲೇಪವನ್ನು ಮರೆತವರ ಶ್ರಮವೆಲ್ಲ ನೀರಿನಲ್ಲಿ ಹೋಮ. ರಕ್ಷಣೆಯಿಲ್ಲದ ಹೊಸ ಮೈಯನ್ನು ಬಿಸಿಲು ಕೆಲವೇ ತಿಂಗಳಲ್ಲಿ ಮತ್ತೆ ತಿನ್ನುತ್ತದೆ. ಎಲ್ಲ ಸೇರಿ ಖರ್ಚು ಆರುನೂರು ರೂಪಾಯಿ. ಜೊತೆಗೆ ನನ್ನ ಹತ್ತು ಬೆರಳುಗಳ ತುದಿ.

ಸಂಜೆ ಕತ್ತಲಾದ ಮೇಲೆ ಅಪ್ಪ ಕಾರನ್ನು ಹಿತ್ತಿಲ ಗೋಡೆಗೆ ಎದುರಾಗಿ ನಿಲ್ಲಿಸಿ ದೀಪ ಹಾಕಿದ. ಗೋಡೆಯ ಮೇಲೆ ಹಲ್ಲಿ ಓಡಿದ್ದು ಕಂಡಿತು. ಬೆರಣಿಯ ಮೇಲಿನ ಬೆರಳಚ್ಚುಗಳು ಕಂಡವು. ಅವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅಪ್ಪ ಬಹಳ ಹೊತ್ತು ಆ ಬೆಳಕನ್ನೇ ನೋಡಿ, “ಹೂಂ, ಛಲೋ ಆಗೇತಿ” ಎಂದಷ್ಟೇ ಹೇಳಿ ದೀಪ ಆರಿಸಿದ. ಅವನಿಂದ ಇನ್ನಷ್ಟು ಹೊಗಳಿಕೆ ಬರಬಹುದೆಂದು ನಾನು ನಿರೀಕ್ಷಿಸಿದ್ದೆ. ಸ್ವಲ್ಪ ನಿರಾಸೆಯಾಯಿತು. ಆದರೂ ಆ ರಾತ್ರಿ ನಾನು ಅಪ್ಪನ ಪ್ರಾಣವನ್ನೇ ಉಳಿಸಿದವಳಂತೆ ಹೆಮ್ಮೆಯಿಂದ ಮಲಗಿದೆ.

ಸಂಕ್ರಾಂತಿಗೆ ನಾಲ್ಕು ದಿನ ಮೊದಲು ಒಂದು ಬಾಡಿಗೆ ಬಂತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಿಡುಗಡೆಯಾದ ಒಬ್ಬ ಬಾಣಂತಿಯನ್ನು ಜೋಯಿಡಾದ ಆಚೆಯ ಹಳ್ಳಿಗೆ ಮುಟ್ಟಿಸಬೇಕು. ಹೋಗುವಾಗ ಹಗಲು, ಬರುವಾಗ ಕತ್ತಲೆ. ಅಪ್ಪ ಮೊದಲು ಒಲ್ಲೆನೆಂದ. “ಯಾಕಪ್ಪಾ? ಈಗ ಲೈಟ ಹೊಸಾದು ಇದ್ದಾಂಗ ಅದಾವಲ್ಲ!” ಎಂದು ಒತ್ತಾಯಿಸಿದವಳು ನಾನೇ. ಬಾಣಂತಿಯ ಜೊತೆಗೆ ಹೆಣ್ಣುಮಗಳಿರಲೆಂದು ನಾನೂ ಹೊರಟೆ.

ತಾಯಿಮಗುವನ್ನು ಇಳಿಸಿ, ಅವರು ಕೊಟ್ಟ ಚಹಾ ಕುಡಿದು ಹಿಂದಿರುಗುವಾಗ ಗಣೇಶಗುಡಿ ದಾಟಿತು. ಸೂಪಾ ಆಣೆಕಟ್ಟಿನ ನೀರಿನಡಿಯಲ್ಲಿ ಮುಳುಗಿದ ಹಳೆಯ ಸೂಪಾ ಊರಿನ ಕಥೆಯನ್ನು ಅಪ್ಪ ಹೇಳುತ್ತಿದ್ದ. ಸುತ್ತಲೂ ಕಾಡು. ೨೦೦೭ರಲ್ಲಿ ಹುಲಿ ರಕ್ಷಿತಾರಣ್ಯವಾಗಿ, ೨೦೧೫ರಿಂದ ಕಾಳಿಯ ಹೆಸರಿನಿಂದ ಕರೆಯಿಸಿಕೊಳ್ಳುವ ಸೀಮೆಯಿದು. ಅಲ್ಲಿ ಮೆಲ್ಲಗೇ ಹೋಗಬೇಕು. ನಾನು ಉಜ್ಜಿದ ದೀಪಗಳ ಬೆಳಕು ರಸ್ತೆಯ ಅಂಚಿನ ಹುಲ್ಲನ್ನೂ ಬಿಡದೆ ತೋರಿಸುತ್ತಿತ್ತು. ನಾನು ಅದನ್ನೇ ಸವಿಯುತ್ತಿದ್ದೆ. ಆಗ ಮುಂದೆ ಎಡಗಡೆ ನಾಲ್ಕು ಬಿಳಿಯ ಕಾಲುಗಳು ಕಂಡವು. ಕಾಡುಕೋಣದ ಮೈ ಕತ್ತಲೆಯಷ್ಟೇ ಕಪ್ಪು. ಮೊಣಕಾಲಿನ ಕೆಳಗೆ ಮಾತ್ರ ಬಿಳಿಯ ಕಾಲುಚೀಲ ಹಾಕಿದಂತಿರುತ್ತದೆ. ಅಪ್ಪನೂ ನೋಡಿರಬೇಕೆಂದು ನಾನು ಸುಮ್ಮನಿದ್ದೆ. ಕಾರು ನಿಧಾನವಾಗಲಿಲ್ಲ. ಕಾಲುಗಳು ರಸ್ತೆಗೆ ಇಳಿದವು. “ಅಪ್ಪಾ! ಕೋಣ!” ಎಂದು ಚೀರಿದೆ.

ಕಾರು ನಿಂತಿತು. ಆ ಬೃಹತ್ ಪ್ರಾಣಿ ನಮ್ಮ ಬೆಳಕಿನಲ್ಲಿ ಒಂದು ಗಳಿಗೆ ನಿಂತು ನಮ್ಮನ್ನು ನೋಡಿ, ಅವಸರವಿಲ್ಲದೆ ಬಲಗಡೆಯ ಕಾಡಿಗೆ ಹೋಯಿತು. ಅಪ್ಪ ಕೇಳಿದ: “ಎಲ್ಲಿತ್ತದು?”

ವಾಚಕರೇ, ಆ ಮೂರು ಗಳಿಗೆಯಲ್ಲಿ ನನಗೆ ಎಲ್ಲವೂ ತಿಳಿಯಿತು. ಬೆಳಕಿಗೆ ಕೊರತೆಯಿರಲಿಲ್ಲ. ನಾನು ಹುಲ್ಲಿನ ಎಸಳನ್ನು ಕಾಣುತ್ತಿದ್ದೆ. ಅವನು ಕೋಣವನ್ನು ಕಾಣಲಿಲ್ಲ. ಮುಂದೆ ಎದುರಿನಿಂದ ಒಂದು ಲಾರಿ ಬಂದಾಗ ಅವನು ಕಾರನ್ನು ಪೂರಾ ಬದಿಗೆ ನಿಲ್ಲಿಸಿ ಮುಖ ತಿರುಗಿಸಿಕೊಂಡ. “ಎದರ ಲೈಟ ಬಂದರ ಸುತ್ತಲೂ ಬಳಿ ಬಳಿ ಕಾಣತಾವು, ನಡುವ ಎಲ್ಲಾ ಹಾಲ ಚೆಲ್ಲಿದಾಂಗ” ಎಂದ. “ಎಷ್ಟ ದಿವಸಾತಪ್ಪಾ?” ಎಂದು ಕೇಳಿದೆ. ಅವನು ಉತ್ತರ ಕೊಡದೆ ಗೇರು ಹಾಕಿದ. ದಾಂಡೇಲಿಯ ಬೆಳಕು ಕಂಡ ಮೇಲೆ, “ಒಂದ ವರ್ಷದ ಮ್ಯಾಲೆ” ಎಂದ.

ಒಂದು ವರ್ಷದಿಂದ ಅವನು ರಾತ್ರಿಯ ಬಾಡಿಗೆಗಳನ್ನು ಏನೇನೋ ನೆಪ ಹೇಳಿ ಬಿಡುತ್ತ ಬಂದದ್ದು, ಪತ್ರಿಕೆಯನ್ನು ಬಾಗಿಲ ಬೆಳಕಿಗೆ ಹಿಡಿದು ಓದುತ್ತಿದ್ದದ್ದು, ಛಟ್ಟಿ ಅಮಾವಾಸ್ಯೆಯ ದಿನ ಟ್ರ್ಯಾಕ್ಟರಿನವನನ್ನು ಬಯ್ಯದೆ ಬಿಟ್ಟದ್ದು, ಎಲ್ಲಕ್ಕೂ ಒಂದೇ ಕಾರಣವೆಂದು ಈಗ ಅರ್ಥವಾಯಿತು. ದೀಪ ಸಾಲದೆಂದು ಅವನು ಹೇಳಿದ; ನಾನು ಕಾಗದ ತಂದು ದೀಪವನ್ನು ಉಜ್ಜಿದೆ. ಆ ರವಿವಾರವೆಲ್ಲ ಅವನು ಜಗಲಿಯ ಕಟ್ಟೆಯ ಮೇಲೆ ಕುಳಿತು ನಾನು ಉಜ್ಜುವುದನ್ನು ನೋಡುತ್ತಿದ್ದನಲ್ಲ! ಆಗ ಅವನ ಮನಸ್ಸಿನಲ್ಲಿ ಏನು ನಡೆದಿತ್ತೋ! ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ನನಗೆ ಸಿಟ್ಟು ಬಂತು. ಬಾಣಂತಿಯನ್ನೂ ಎಳೆಯ ಮಗುವನ್ನೂ ಅದೇ ಕಾರಿನಲ್ಲಿ ಕರೆದೊಯ್ದಿದ್ದೆವು. ಬಾಡಿಗೆ ಬೇಡವೆಂದವನನ್ನು ಒತ್ತಾಯಿಸಿದವಳು ನಾನೆಂಬುದು ನೆನಪಾಗಿ ಆ ಸಿಟ್ಟು ನನ್ನ ಮೇಲೆಯೇ ತಿರುಗಿತು.

ಹೇಳದಿದ್ದುದಕ್ಕೆ ಅವನಿಗೂ ಕಾರಣವಿತ್ತು. ನಲವತ್ತು ದಾಟಿದವರು ಚಾಲಕರ ಪರವಾನಗಿ ನವೀಕರಿಸಿಕೊಳ್ಳುವಾಗ ವೈದ್ಯರ ಪ್ರಮಾಣಪತ್ರ ಒಯ್ಯಬೇಕು. “ಡಾಕ್ಟರ ಕಣ್ಣ ನೋಡಿ ಬರೋದಿಲ್ಲ ಅಂತ ಬರದರ ಮುಗೀತು. ಗಾಡಿ ನಿಂತರ ಮನಿ ನಿಂತಾಂಗ. ನಿನ್ನ ಕಾಲೇಜ ಒಂದ ವರ್ಷ ಉಳದೈತಿ, ಅದೊಂದ ದಾಟಲಿ ಅಂತ ಇದ್ದೆ” ಎಂದ. ಇದಕ್ಕೆ ನಾನೇನು ಉತ್ತರ ಕೊಡಲಿ? ನನ್ನ ಬಿ. ಎ. ಪದವಿಯು ಅಪ್ಪನ ಕಣ್ಣಿನ ಪೊರೆಯೊಳಗಿಂದ ಬರುತ್ತಿದೆಯೆಂದು ನನಗೆ ಗೊತ್ತಿರಲಿಲ್ಲ.

ಅವ್ವನಿಗೆ ಎಲ್ಲವನ್ನೂ ಹೇಳಿದೆವು, ಕಬ್ಬಿನ ಟ್ರ್ಯಾಕ್ಟರಿನ ಸಂಗತಿಯನ್ನೂ ಸೇರಿಸಿ. ಅವಳು ಅತ್ತಳು. ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳಲು ಅಪ್ಪ ಹೆದರಿದ; ಲಾರಿಯಲ್ಲಿ ಹುಲಿಯ ಕಾಡು ಸುತ್ತಿದವನು! ಅವನನ್ನು ಒಪ್ಪಿಸಿದವಳು ಆಯಿ. ಅವಳ ತಾಯಿಗೆ ಹಿಂದೆ ಡಾಕ್ಟರ್ ಎಂ. ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆದಿದ್ದರಂತೆ. ಬೀಳಗಿಯಲ್ಲಿ ಹುಟ್ಟಿದ ಮೋದಿಯವರು (೧೯೧೬–೨೦೦೫) ಊರೂರಿಗೆ ಹೋಗಿ ಬಡವರ ಕಣ್ಣು ತೆರೆಸಿದ ಪುಣ್ಯಾತ್ಮರು. ೧೯೬೮ರಲ್ಲಿ ಪದ್ಮಭೂಷಣ ಪಡೆದವರು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಸೀಸೆಯ ತಳದಂಥ ದಪ್ಪ ಕನ್ನಡಕ ಹಾಕಬೇಕಾಗಿತ್ತು. “ನಮ್ಮವ್ವ ಆ ಚಾಳೀಸ ಹಾಕ್ಕೊಂಡು ಅಕ್ಕ್ಯಾಗಿನ ಹಳ್ಳ ಆರಸತಿದ್ಲು. ನೀ ಗಂಡಸಾಗಿ ಅಂಜತೀಯೇನೋ ತಮ್ಮಾ?” ಎಂದು ಆಯಿ ಅಪ್ಪನ ಗದ್ದ ಹಿಡಿದು ಕೇಳಿದಳು. ಅಲ್ಲಿಗೆ ಮಾತು ಮುಗಿಯಿತು.

ಆಸ್ಪತ್ರೆಯ ವೈದ್ಯರು ಸಮಾಧಾನದಿಂದ ವಿವರಿಸಿದರು. ಕಣ್ಣಿನ ಪೊರೆಯೆಂದರೆ ಕಣ್ಣ ಮೇಲೆ ಬೆಳೆದ ಪದರವಲ್ಲ. ಕಣ್ಣಿನೊಳಗಿನ ಮಸೂರವೇ ಮಬ್ಬಾಗುವುದು. ಅದನ್ನು ಉಜ್ಜಿ ಬೆಳಗಿಸುವಂತಿಲ್ಲ. ತೆಗೆದು ಬೇರೆಯದನ್ನು ಕೂಡಿಸಬೇಕು. ಹೀಗೆ ಕೃತಕ ಮಸೂರವನ್ನು ಮೊದಲು ಕೂಡಿಸಿದವರು ಲಂಡನ್ನಿನ ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು, ೧೯೪೯ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು ಅದರ ಚೂರುಗಳು ಚಾಲಕರ ಕಣ್ಣಿನಲ್ಲಿ ಹೊಕ್ಕಿದ್ದವು. ಆ ಚೂರುಗಳನ್ನು ಕಣ್ಣು ಹಗೆಯೆಂದು ಎಣಿಸದೆ ತಣ್ಣಗೆ ಇಟ್ಟುಕೊಂಡದ್ದನ್ನು ರಿಡ್ಲೆಯವರು ಗಮನಿಸಿದರು. ಆ ಮುಚ್ಚಳ ಗಾಜಿನದಲ್ಲ, ಪ್ಲಾಸ್ಟಿಕ್ಕಿನದು. ಅದೇ ಜಾತಿಯ ವಸ್ತುವಿನಿಂದಲೇ ಅವರು ಮಸೂರ ಮಾಡಿಸಿದರು.

ಅಪ್ಪ ಇದನ್ನೆಲ್ಲ ಗಂಭೀರವಾಗಿ ಕೇಳಿ, ನನ್ನ ಕಡೆ ಒಮ್ಮೆ ನೋಡಿ, ವೈದ್ಯರನ್ನು ಕೇಳಿದ: “ಸಾಹೇಬ್ರ, ಇದೂ ಪ್ಲಾಸ್ಟಿಕ್ ಅಂತೀರಿ. ನಾಲ್ಕ ವರ್ಷಕ್ಕ ಹಳದಿ ಆಗೂದಿಲ್ಲೇನ್ರಿ?”

ವೈದ್ಯರು ನಕ್ಕುಬಿಟ್ಟರು. ಮಸೂರದಲ್ಲಿಯೇ ನೇರಳಾತೀತ ಕಿರಣವನ್ನು ತಡೆಯುವ ಗುಣ ಬೆರೆಸಿರುತ್ತಾರೆಂದೂ, ಅದು ಮಬ್ಬಾಗದೆಂದೂ, ಅದರ ಹಿಂದಿನ ತೆಳ್ಳನೆಯ ಪರದೆ ಮಾತ್ರ ಕೆಲವರಿಗೆ ಮುಂದೆ ಮಂಕಾಗಬಹುದು, ಹಾಗಾದರೆ ಲೇಸರ್ ಕಿರಣದಿಂದ ಕ್ಷಣಮಾತ್ರದಲ್ಲಿ ತೆರವು ಮಾಡಬಹುದೆಂದೂ ತಿಳಿಸಿದರು. ಅಪ್ಪ ತಲೆಯಾಡಿಸಿದ. ಮಿಸ್ತ್ರಿಯು ಸರಿಯಾದ ಉತ್ತರ ಕೊಟ್ಟಾಗ ತಲೆಯಾಡಿಸುವ ಹಾಗೆಯೇ.

ಒಂದು ಕಣ್ಣಿನ ಶಸ್ತ್ರಕ್ರಿಯೆ ಫೆಬ್ರವರಿಯಲ್ಲಿ ಆಯಿತು. ಇನ್ನೊಂದರದು ಬೇಸಗೆಯಲ್ಲಿ. ವೈದ್ಯರು ಒಪ್ಪುವ ತನಕ ಚಕ್ರ ಮುಟ್ಟುವುದಿಲ್ಲವೆಂದು ಅಪ್ಪ ಆಯಿಗೆ ಮಾತು ಕೊಟ್ಟಿದ್ದಾನೆ. ಕಾರು ಸದ್ಯಕ್ಕೆ ಅಂಗಳದಲ್ಲಿ ನಿಂತಿದೆ. ಸಂಸಾರ ಸ್ವಲ್ಪ ಬಿಗಿಯಾಗಿದೆ; ಅವ್ವ ಹೊಲಿಗೆಯ ಯಂತ್ರವನ್ನು ಹೊರಗೆ ತೆಗೆದಿದ್ದಾಳೆ; ನಾನು ಸಂಜೆ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತೇನೆ. ಹೇಗೋ ನಡೆಯುತ್ತಿದೆ.

ಕಣ್ಣಿನ ಪಟ್ಟಿ ಬಿಚ್ಚಿ ಹತ್ತು ದಿನಗಳಾಗಿರಬಹುದು. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಿದ್ದೆ. ಅಪ್ಪ ಕಪ್ಪು ಕನ್ನಡಕ ತೆಗೆದು, ಕಾರಿನ ಎದುರು ಕುಕ್ಕರಗಾಲಿನಲ್ಲಿ ಕುಳಿತು, ದೀಪಗಳನ್ನು ಒಂದೊಂದಾಗಿ ನೋಡುತ್ತಿದ್ದ. ಎಡಗಡೆಯದನ್ನು ನೋಡಿದ, ಬಲಗಡೆಯದನ್ನು ನೋಡಿದ, ಬೆರಳಿನಿಂದ ಮೂಲೆಯನ್ನು ಸವರಿದ. ಆಮೇಲೆ ನನ್ನನ್ನು ಕರೆದು ಹೇಳಿದ:

“ಇಲ್ನೋಡವ್ವಾ. ಈ ಮೂಲ್ಯಾಗ ಗೀರ ಹಂಗs ಉಳದಾವಲ್ಲ. ಇದೇನ ಕೆಲಸಾ ಮಾಡೀದಿ?”

ಗೋಡೆಯ ಮೇಲೆ ಬೆಳಕು ಬಿಟ್ಟ ದಿನ ಅವನು ‘ಛಲೋ ಆಗೇತಿ’ ಎಂದಾಗ ಆಗದ ಸಂತೋಷ ನನಗೆ ಈಗ ಆಯಿತು. ಆ ಗೀರುಗಳು ಮೊದಲ ದಿನದಿಂದಲೂ ಅಲ್ಲಿದ್ದವು. ಪುಸ್ತಕಗಳನ್ನು ಜಗಲಿಯ ಮೇಲಿಟ್ಟು, ೧೫೦೦ರ ಕಾಗದವನ್ನು ಹುಡುಕಿ ತಂದು, ತಂಬಿಗೆಯ ನೀರಿನಲ್ಲಿ ಅದ್ದಿದೆ. ಮೊದಲನೆಯ ತಾಸಿಗೆ ನಾನು ತಪ್ಪಿಸಿಕೊಂಡದ್ದು ಆ ಕಾರಣದಿಂದ ಎಂದು ಇತಿಹಾಸದ ಗುರುಗಳಲ್ಲಿ ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ.